ಹೆಣ ಕಾದವರ ಕಥೆ ಎಲ್ಲಿದೆ?

ನಮ್ಮ ಗುತ್ತಲ ಸೀಮೆಯಲ್ಲಿ ಅಂತ್ಯಕ್ರಿಯೆಗೆ ಹೋಗಿ ಬಂದವರು ‘ಮಣ್ಣಿಗೆ ಹೋಗಿದ್ದೆ’ ಎನ್ನುತ್ತಾರೆ. ಸತ್ತವರು ಲಿಂಗಾಯತರಾದರೂ ಇದೇ ಮಾತು, ಮುಸ್ಲಿಮರಾದರೂ ಇದೇ ಮಾತು. ಎರಡೂ ಕಡೆ ಹೂಳುವ ಪದ್ಧತಿ ಇರುವುದರಿಂದ ಒಂದೇ ಮಾತು ಎರಡಕ್ಕೂ ಸಾಲುತ್ತದೆ. ಆದರೆ ಮಣ್ಣಿಗೆ ಮುಂಚಿನ ಹೊತ್ತು ಮಾತ್ರ ಎರಡು ಮನೆಗಳಲ್ಲಿ ಒಂದೇ ರೀತಿ ಸಾಗುವುದಿಲ್ಲ. ಲಿಂಗಾಯತರ ಮನೆಯಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಮಾಲೆ. ರಾತ್ರಿ ಜೀವ ಹೋಗಿದ್ದರೆ ಬೆಳತನಕ ಭಜನೆ ನಡೆಯುತ್ತದೆ. ತಾಳದವರು, ಪೇಟಿಯವರು ಎದುರಿಗೆ ಕೂತು ಹಾಡುತ್ತಾರೆ. ನಮ್ಮ ಜಿಲ್ಲೆಯವರೇ ಆದ ಶಿಶುನಾಳ ಶರೀಫರ ಪದಗಳು ಅಲ್ಲಿ ಎಷ್ಟು ಸಲ ಕೇಳಿಬಂದಿವೆಯೋ ಲೆಕ್ಕವಿಲ್ಲ. ನಮ್ಮ ಮನೆಗಳಲ್ಲಿ ಹಾಗಲ್ಲ. ಉಸಿರು ನಿಂತ ಗಳಿಗೆಯಿಂದ ಗಡಿಯಾರ ಓಡಲು ತೊಡಗುತ್ತದೆ. ಕಬರ್ ತೋಡುವವರಿಗೆ ಹೇಳಿದಿರಾ, ಗುಸ್ಲ್ ಕೊಡುವವರು ಬಂದರಾ, ಜೊಹರ್‌ಗೆ ಎತ್ತುವುದೋ ಅಸರ್‌ಗೋ?

ನಾನು ಹುಡುಗನಾಗಿದ್ದಾಗ ನನ್ನ ಖಾಲಾ ಒಬ್ಬರ ಗಂಡ ತೀರಿಕೊಂಡರು. ಮಧ್ಯಾಹ್ನಕ್ಕೆ ಜೀವ ಹೋಗಿತ್ತು, ಸಂಜೆಗೆ ಎತ್ತಬೇಕೆಂದು ಹಿರಿಯರು ತೀರ್ಮಾನಿಸಿದರು. ಗಂಡಸರು ಪರದೆ ಕಟ್ಟಿ ಗುಸ್ಲ್ ಮುಗಿಸಿದರು, ಕಫನ್ ಹೊದಿಸಿದರು, ಮುಖವೊಂದನ್ನು ತೆರೆದಿಟ್ಟು ‘ಹೆಂಗಸರನ್ನು ಕರೆಯಿರಿ, ದೀದಾರ್ ಮಾಡಲಿ’ ಎಂದರು. ಖಾಲಾ ಬಂದು ಮುಖದ ಹತ್ತಿರ ಬಾಗಿದ್ದೇ ತಡ, ಹಿರಿಯರೊಬ್ಬರು ‘ಮೆಹರ್ ಮಾಫ್ ಮಾಡಿದೆ ಅಂತ ಹೇಳಮ್ಮ’ ಎಂದರು. ಅವಳು ಸುಮ್ಮನಿದ್ದಳು. ಸುತ್ತ ನಿಂತ ಹೆಂಗಸರೂ ‘ಹೇಳು, ಹೇಳು’ ಎಂದರು. ಮೂರನೆಯ ಸಲಕ್ಕೆ ಹೇಳಿದಳು. ಮೆಹರ್ ಇದ್ದದ್ದು ಐದುನೂರ ಚಿಲ್ಲರೆ ರೂಪಾಯಿ. ಅಷ್ಟರಲ್ಲಿ ಹೊರಗೆ ಡೋಲಾ ತಂದಿಟ್ಟ ಸದ್ದಾಯಿತು, ಅವಳನ್ನು ಹಿಡಿದು ಒಳಗೆ ಕರೆದುಕೊಂಡು ಹೋದರು. ಅವರ ಕಾಲಿನಲ್ಲಿ ಸಕ್ಕರೆ ಕಾಯಿಲೆಯಿಂದಾದ ಹುಣ್ಣಿತ್ತು. ದಿನಾ ರಾತ್ರಿ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಿದ್ದವಳು ಖಾಲಾ. ‘ಹುಣ್ಣಿಗೆ ನೀರು ತಾಗಿಸಿದರೋ ಏನೋ, ಒಂದು ಸಲ ಕಾಲು ನೋಡಬೇಕಿತ್ತು’ ಎಂದು ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದಳು. ಸತ್ತವರ ಹುಣ್ಣಿಗೆ ನೀರು ತಾಗಿದರೆ ಏನಾಯಿತು ಎಂದು ನಾವು ಹುಡುಗರು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಈ ಹೊತ್ತಿಗೆ ಕನ್ನಡದಲ್ಲಿ ಸರಿಯಾದ ಹೆಸರೇ ಇಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸಿದೆ. ‘ದರ್ಶನ’ ಎನ್ನುತ್ತೇವೆ, ‘ದೀದಾರ್’ ಎನ್ನುತ್ತೇವೆ. ಎರಡಕ್ಕೂ ನೋಡುವುದು ಎಂದೇ ಅರ್ಥ. ನೋಡಿದವರು ಮುಂದೆ ಸರಿಯಬೇಕು, ಹಿಂದಿನವರಿಗೆ ದಾರಿ ಬಿಡಬೇಕು. ‘ಎತ್ತುವುದು’ ಎಂಬುದು ಕೆಲಸದ ಮಾತು. ಹತ್ತಿರ ಕೂರುವುದಕ್ಕೆ ಇರುವ ಮಾತು ಒಂದೇ, ‘ಹೆಣ ಕಾಯುವುದು’. ಅದು ಹೊಲ ಕಾಯುವಂತೆ, ಕಣ ಕಾಯುವಂತೆ ಕಾವಲಿನ ಮಾತು. ನಾಯಿ ಬೆಕ್ಕು ಸುಳಿಯದಿರಲಿ, ದೀಪ ಆರದಿರಲಿ ಎಂಬ ಎಚ್ಚರ ಅದರಲ್ಲಿದೆ. ಸತ್ತವರ ಜೊತೆ ಇನ್ನೊಂದಿಷ್ಟು ಹೊತ್ತು ಇರಬೇಕು ಎಂಬ ಆಸೆ ಅದರಲ್ಲಿ ಕೇಳುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಥೆ ಕಾದಂಬರಿಗಳನ್ನು ಮತ್ತೆ ಓದಿದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಹೆಣ ಅಲ್ಲಿ ಬೇಕಾದಷ್ಟಿದೆ, ಅದರ ಹತ್ತಿರ ಕೂತವರು ಮಾತ್ರ ಅಪರೂಪ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ (1965) ತೆಗೆದುಕೊಳ್ಳಿ. ಹೆಣವೊಂದನ್ನು ನಡುವೆ ಇಟ್ಟುಕೊಂಡು ಇಷ್ಟು ಗಂಭೀರವಾಗಿ ಯೋಚಿಸಿದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ದುರ್ವಾಸಪುರದ ಅಗ್ರಹಾರದಲ್ಲಿ ಸಾಯುತ್ತಾನೆ. ಆಚಾರ ಬಿಟ್ಟವನಿಗೆ ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವ ತನಕ ಯಾರೂ ಉಣ್ಣುವಂತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತೆಗೆಯುತ್ತಾರೆ, ಮಾರುತಿಯ ಗುಡಿಯಲ್ಲಿ ಕೂತು ಅಪ್ಪಣೆಗೆ ಕಾಯುತ್ತಾರೆ. ಚಂದ್ರಿ ಬಿಚ್ಚಿಕೊಟ್ಟ ಬಂಗಾರ ಉಳಿದ ಬ್ರಾಹ್ಮಣರ ಕಣ್ಣು ಕುಕ್ಕುತ್ತದೆ. ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಇಷ್ಟೆಲ್ಲದರ ನಡುವೆ ಆ ಹೆಣ ಒಂಟಿಯಾಗಿ ಬಿದ್ದಿರುತ್ತದೆ. ಊರಿಗೆ ಊರೇ ಅದರ ವಿಷಯ ಮಾತಾಡುತ್ತದೆ, ಅದರ ಹತ್ತಿರ ಹೋಗುವವರಿಲ್ಲ.

ಕೊನೆಗೆ ಆ ಹೆಣಕ್ಕೆ ಏನಾಯಿತೆಂದು ಕಾದಂಬರಿ ಓದಿದ ಎಷ್ಟೋ ಜನಕ್ಕೆ ಥಟ್ಟನೆ ನೆನಪಾಗುವುದಿಲ್ಲ. ನಾನು ಕೇಳಿ ನೋಡಿದ್ದೇನೆ. ರಾತ್ರಿ ಚಂದ್ರಿ ಗಾಡಿಯ ಶೇಷಪ್ಪನ ಬಳಿ ಹೋಗುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರುತ್ತಾನೆ. ಅವಳು ಮುಸ್ಲಿಮರ ಕೇರಿಗೆ ಹೋಗುತ್ತಾಳೆ. ಮೀನು ವ್ಯಾಪಾರದ ಅಹಮದ್ ಬ್ಯಾರಿ, ಎತ್ತು ಕೊಳ್ಳಲು ನಾರಣಪ್ಪ ಹಿಂದೊಮ್ಮೆ ಸಾಲ ಕೊಟ್ಟಿದ್ದನ್ನು ನೆನೆದು ಗಾಡಿ ಕಟ್ಟುತ್ತಾನೆ. ಇಬ್ಬರೂ ಸೇರಿ ಕತ್ತಲಲ್ಲಿ ಹೆಣ ಸಾಗಿಸುತ್ತಾರೆ, ಸುಡುತ್ತಾರೆ. ಯಾರಿಗೂ ತಿಳಿಯುವುದಿಲ್ಲ. ಚಂದ್ರಿ ಗಂಟು ಕಟ್ಟಿಕೊಂಡು ಕುಂದಾಪುರದ ದಾರಿ ಹಿಡಿಯುತ್ತಾಳೆ.

ಅನಂತಮೂರ್ತಿಯವರು ಇದನ್ನು ಬೇಗ ಬೇಗ ಹೇಳಿ ಮುಗಿಸುತ್ತಾರೆ. ಕಾದಂಬರಿಯ ವ್ಯಂಗ್ಯಕ್ಕೆ ಆ ವೇಗ ಬೇಕಿತ್ತು. ಅಗ್ರಹಾರವನ್ನು ಕಾಡುತ್ತಿರುವ ಪ್ರಶ್ನೆಗೆ ಒಂದು ಮೂಲೆಯಲ್ಲಿ ಉತ್ತರ ಸಿಕ್ಕಿಬಿಟ್ಟಿದೆ, ಆದರೆ ಅಗ್ರಹಾರಕ್ಕೆ ಅದು ಗೊತ್ತಿಲ್ಲ. ಇದನ್ನು ನಾನು ತಪ್ಪು ಎನ್ನಲಾರೆ. ಆದರೂ ಮುಸ್ಲಿಂ ಓದುಗನಾಗಿ ನನ್ನ ಮನಸ್ಸು ಆ ಗಾಡಿಯಿಂದ ಕೆಳಗಿಳಿಯಲು ಒಪ್ಪುವುದಿಲ್ಲ. ಅಹಮದ್ ಬ್ಯಾರಿ ತನ್ನವರನ್ನು ಹೂಳುವವನು, ಸುಡುವವನಲ್ಲ. ಸೌದೆ ಹೇಗೆ ಒಟ್ಟಿದ? ಬೆಂಕಿ ಇಡುವಾಗ ಅವನ ಬಾಯಲ್ಲಿ ಯಾವ ದುಆ ಬಂತು? ಕೊಳೆತ ಹೆಣದ ನಾತಕ್ಕೆ ಮೂಗು ಮುಚ್ಚಿಕೊಂಡನೋ ಇಲ್ಲವೋ? ಚಂದ್ರಿಗಂತೂ ಆ ದೇಹ ತನ್ನ ನಾರಣಪ್ಪನಲ್ಲ, ಕೊಳೆತ ಒಂದು ವಸ್ತು ಎನ್ನಿಸಿಬಿಟ್ಟಿರುತ್ತದೆ. ಹತ್ತಾರು ವರ್ಷ ಜೊತೆಗಿದ್ದವಳಿಗೆ ಹಾಗೆನ್ನಿಸಿದ್ದು ಯಾಕೆ? ಹತ್ತಿರ ಇರುವ ಹೊತ್ತನ್ನು ಅವಳಿಂದ ಕಸಿದುಕೊಂಡದ್ದು ಪಂಡಿತರ ಚರ್ಚೆ. ಆ ಚರ್ಚೆ ಮುಗಿಯುವ ಹೊತ್ತಿಗೆ ಮನುಷ್ಯ ಹೋಗಿ ಹೆಣ ಉಳಿದಿತ್ತು. ಆರು ದಶಕಗಳಿಂದ ನಮ್ಮ ವಿಮರ್ಶೆ ಹೆಚ್ಚಾಗಿ ಆಚಾರ್ಯರ ಬಿಕ್ಕಟ್ಟಿನ ಸುತ್ತಲೇ ತಿರುಗಿದೆ. ಹೆಣ ಮುಟ್ಟಿದ ಇಬ್ಬರು, ಒಬ್ಬ ಬ್ಯಾರಿ ಮತ್ತು ಒಬ್ಬ ‘ಸೂಳೆ’, ಅಡಿಟಿಪ್ಪಣಿಯಲ್ಲಿ ಉಳಿದಿದ್ದಾರೆ.

ನಮ್ಮವರ ಕಥೆಗಳಲ್ಲಿ ಇದು ಬೇರೆಯಾಗಿದೆಯೇ? ಬಾನು ಮುಷ್ತಾಕ್ ಅವರ ‘ಕಫನ್’ ಕಥೆಯಲ್ಲಿ ಬಡ ವಿಧವೆ ಯಾಸೀನ್ ಬುವಾ, ಹಜ್‌ಗೆ ಹೊರಟ ಶಾಜಿಯಾಳ ಬಳಿ ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್ ಬಟ್ಟೆ ತಂದುಕೊಡಲು ಕೇಳಿಕೊಂಡಿರುತ್ತಾಳೆ. ಶಾಜಿಯಾಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮುದುಕಿ ಸತ್ತ ಮೇಲೆ ಮಗ ಬಂದು ಬಾಗಿಲಲ್ಲಿ ನಿಂತು ಬಟ್ಟೆ ಕೇಳುತ್ತಾನೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಸಂಕಲನದಲ್ಲಿ ಈ ಕಥೆಯೂ ಇದ್ದು, ಈಗ ಜಗತ್ತಿನ ಓದುಗರೂ ಶಾಜಿಯಾಳ ಪಶ್ಚಾತ್ತಾಪವನ್ನು ಕಂಡಿದ್ದಾರೆ. ಉಳ್ಳವರ ಭಕ್ತಿಯ ಪೊಳ್ಳನ್ನು ಇಷ್ಟು ನೇರವಾಗಿ ತೋರಿಸಿದ ಕಥೆ ನಮ್ಮಲ್ಲಿ ಕಡಿಮೆ. ಆದರೆ ಕಥೆಯ ಕಣ್ಣು ಹೆಚ್ಚಾಗಿ ಶಾಜಿಯಾಳ ಮೇಲೆಯೇ ಇದೆ. ಯಾಸೀನ್ ಬುವಾಳ ಮೈ ತೊಳೆದ ಹೆಂಗಸರು ಯಾರು, ದುಡಿದು ದುಡಿದು ಸವೆದ ಆ ಕೈಗಳನ್ನು ನೋಡಿ ಅವರು ಏನೆಂದುಕೊಂಡರು ಎಂಬುದು ಇನ್ನೊಂದು ಕಥೆ. ಅದನ್ನು ಯಾರಾದರೂ ಬರೆಯಬೇಕು. ಇದೇ ಹೆಸರಿನ ಪ್ರೇಮಚಂದರ ಕಥೆಯಲ್ಲಂತೂ ಒಳಗೆ ಹೆರಿಗೆ ನೋವಿನಲ್ಲಿ ಹೆಂಗಸು ಸಾಯುತ್ತಿರುವಾಗ ಹೊರಗೆ ಗಂಡ, ಮಾವ ಸುಟ್ಟ ಆಲೂಗಡ್ಡೆ ತಿನ್ನುತ್ತಾರೆ. ತಾನು ಎದ್ದು ಒಳಗೆ ಹೋದರೆ ಇನ್ನೊಬ್ಬ ಹೆಚ್ಚು ತಿಂದಾನು ಎಂಬ ಭಯಕ್ಕೆ ಯಾರೂ ಏಳುವುದಿಲ್ಲ. ಹತ್ತಿರ ಕೂರದಿರುವುದೇ ಅಲ್ಲಿ ಕಥೆ.

ಹತ್ತಿರ ಕೂತವರನ್ನು ಬರೆದದ್ದು ಧಾರವಾಡದ ಬೇಂದ್ರೆ. ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆ ಎಲ್ಲರಿಗೂ ಗೊತ್ತು. ಈಗ ಅದನ್ನು ಹಾಡಾಗಿಯೇ ಕೇಳಿ ಕೇಳಿ ಅದರ ಒಳಗಿನ ಕೋಣೆ ಮರೆತುಹೋಗಿದೆ. ಕೈಬಿಟ್ಟುಹೋಗುವ ಮಗು, ತಾಯಿ, ತಂದೆ. ಬೇರೆ ಯಾರೂ ಇಲ್ಲ. ಶಾಸ್ತ್ರ ಹೇಳುವವರಿಲ್ಲ, ಅವಸರ ಮಾಡುವವರಿಲ್ಲ. ತಂದೆ ಹೆಂಡತಿಯ ನೋಟ ತಾಳಲಾರ, ಆದರೆ ಎದ್ದು ಹೋಗಲೂ ಆರ. ಅಷ್ಟೇ ಆ ಕವಿತೆ, ಅಷ್ಟು ಸಾಕು.

ಈಗ ಅವಸರದ ವಿಷಯ. ‘ಮಯ್ಯತ್ತನ್ನು ತಡ ಮಾಡಬಾರದು’ ಎಂಬ ಮಾತು ನಮ್ಮಲ್ಲಿ ಕಾನೂನಿನಂತೆ ಬಳಕೆಯಾಗುತ್ತದೆ. ಜನಾಜಾವನ್ನು ಬೇಗ ಒಯ್ಯಿರಿ ಎಂಬ ಪ್ರವಾದಿವಚನ ಇದೆ, ಅದರಲ್ಲಿ ಅನುಮಾನವಿಲ್ಲ. ಬಿಸಿಲಿನ ನಾಡಿನಲ್ಲಿ ಅದು ವಿವೇಕದ ಮಾತೂ ಹೌದು. ಆದರೆ ಹದೀಸ್ ಗ್ರಂಥಗಳಲ್ಲಿ ಇನ್ನೂ ಕೆಲವು ದೃಶ್ಯಗಳಿವೆ. ಉಹುದ್ ಯುದ್ಧದಲ್ಲಿ ಮಡಿದ ತಂದೆಯ ಮುಖದ ಮೇಲಿನ ಬಟ್ಟೆಯನ್ನು ಜಾಬಿರ್ ಮತ್ತೆ ಮತ್ತೆ ಸರಿಸಿ ಅಳುತ್ತಿದ್ದರು. ಜನ ಬೇಡವೆಂದರು, ಪ್ರವಾದಿಯವರು ಬೇಡವೆನ್ನಲಿಲ್ಲ. ಉಸ್ಮಾನ್ ಬಿನ್ ಮಜ್‌ಊನ್ ತೀರಿಕೊಂಡಾಗ ಪ್ರವಾದಿಯವರೇ ಆ ದೇಹಕ್ಕೆ ಮುತ್ತಿಟ್ಟರು, ಕಣ್ಣೀರು ಹರಿಯುತ್ತಿತ್ತು. ಪ್ರವಾದಿಯವರು ನಿಧನರಾದಾಗ ಅಬೂಬಕರ್ ಬಂದು ಮುಖದ ಬಟ್ಟೆ ಸರಿಸಿ ಮುತ್ತಿಟ್ಟರು. ಸೋಮವಾರ ನಿಧನರಾದವರ ದಫನ್ ಆದದ್ದು ಮಂಗಳವಾರ ಕಳೆದ ಮೇಲೆ. ಅಷ್ಟು ಹೊತ್ತು ಆ ದೇಹ ಆಯಿಶಾ ಅವರ ಕೋಣೆಯಲ್ಲೇ ಇತ್ತು, ಜನ ಗುಂಪು ಗುಂಪಾಗಿ ಒಳಗೆ ಬಂದು ನಮಾಜು ಮಾಡಿ ಹೋದರು.

ಪ್ರವಾದಿಯವರ ಮಗಳು ತೀರಿಕೊಂಡಾಗಿನ ಪ್ರಸಂಗ ನನಗೆ ಇವೆಲ್ಲಕ್ಕಿಂತ ಮುಖ್ಯವೆನ್ನಿಸುತ್ತದೆ. ಗುಸ್ಲ್ ಕೊಡುವ ಹೆಂಗಸರಲ್ಲಿ ಉಮ್ಮು ಅತಿಯ್ಯಾ ಒಬ್ಬರು. ಮೂರು ಸಲ ತೊಳೆಯಿರಿ, ಐದು ಸಲ ತೊಳೆಯಿರಿ, ಬೇಕೆನ್ನಿಸಿದರೆ ಇನ್ನೂ ಹೆಚ್ಚು ಎಂದು ಹೇಳಿದ ಪ್ರವಾದಿಯವರು, ಮುಗಿದ ಮೇಲೆ ತಮಗೆ ತಿಳಿಸಲು ಹೇಳಿದರು. ಎಷ್ಟು ಹೊತ್ತು ಬೇಕೆಂಬುದು ಒಳಗಿದ್ದ ಹೆಂಗಸರ ತೀರ್ಮಾನ. ಹೊರಗೆ ಕಾದವರು ತಂದೆ. ಅವರು ಹೇಳಿ ಕಳಿಸಿದ ಮೇಲೆ ತಮ್ಮ ಸೊಂಟದ ಬಟ್ಟೆಯನ್ನು ಮಗಳ ಮೈಗೆ ತಾಗುವಂತೆ ಹೊದಿಸಲು ಒಳಗೆ ಕೊಟ್ಟರು.

ಗಂಡನಿಗೆ ಹೆಂಡತಿ ಗುಸ್ಲ್ ಕೊಡಬಹುದು ಎಂಬುದರಲ್ಲಿ ನಾಲ್ಕು ಮದ್‌ಹಬ್‌ಗಳಲ್ಲೂ ಅನುಮತಿ ಇದೆ. ಅಬೂಬಕರ್ ಅವರಿಗೆ ಗುಸ್ಲ್ ಕೊಟ್ಟವರು ಪತ್ನಿ ಅಸ್ಮಾ. ಈಗ ತಿಳಿದದ್ದು ಮೊದಲೇ ತಿಳಿದಿದ್ದರೆ ಪ್ರವಾದಿಯವರಿಗೆ ಪತ್ನಿಯರೇ ಗುಸ್ಲ್ ಕೊಡುತ್ತಿದ್ದೆವು ಎಂಬ ಅರ್ಥದ ಮಾತನ್ನು ಆಯಿಶಾ ಆಡಿದ್ದು ದಾಖಲಾಗಿದೆ. ಹೆಂಡತಿಗೆ ಗಂಡ ಗುಸ್ಲ್ ಕೊಡುವುದನ್ನು ಶಾಫಿಗಳು ಒಪ್ಪುತ್ತಾರೆ, ಹನಫಿಗಳು ಒಪ್ಪುವುದಿಲ್ಲ. ಆದರೆ ಮುಖ ನೋಡಲು ಹನಫಿಗಳ ಅಡ್ಡಿಯೂ ಇಲ್ಲ. ಹೀಗಿದ್ದೂ ‘ಸತ್ತ ಕೂಡಲೆ ನಿಕಾಹ್ ಮುರಿಯಿತು, ಇನ್ನು ಗೈರ್’ ಎಂದು ಗಂಡನನ್ನು ಹೆಂಡತಿಯ ಮುಖದಿಂದ ದೂರ ತಳ್ಳುವವರನ್ನು ನಾನು ನೋಡಿದ್ದೇನೆ. ಮೆಹರ್ ಮಾಫಿಯ ಕಥೆ ಇದಕ್ಕಿಂತ ಕೆಟ್ಟದ್ದು. ಮೆಹರ್ ಸಾಲ. ಸತ್ತವನ ಆಸ್ತಿಯನ್ನು ಪಾಲು ಮಾಡುವ ಮೊದಲು ತೀರಿಸಬೇಕಾದ ಸಾಲ. ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಬಿಟ್ಟಂತೆ ಎಂದು ಕುರ್‌ಆನ್ ಹೇಳುತ್ತದೆ. ಊರೆಲ್ಲ ನಿಂತು ನೋಡುತ್ತಿರುವಾಗ ಹೆಣದ ತಲೆದೆಸೆಯಲ್ಲಿ ಹೇಳಿಸುವುದು ಯಾವ ಮನಸಾರೆ? ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಗಂಡಸರಿಗೆ ಹೆಗಲು ಕೊಡುವ ದಾರಿಯಿದೆ, ಮೂರು ಹಿಡಿ ಮಣ್ಣಿದೆ. ಅವಳಿಗೆ ಮನೆಯೊಳಗಿನ ಆ ಐದು ನಿಮಿಷವೇ ಎಲ್ಲ. ಅದನ್ನೂ ಲೇವಾದೇವಿಗೆ ಬಳಸಿಕೊಳ್ಳುತ್ತೇವೆ.

ಹಿಂದೂಗಳ ಮನೆಯಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಭಜನೆಯ ಮನೆಯಲ್ಲೂ ತಾಳ ಹಿಡಿದು ಎದುರಿಗೆ ಕೂತವರು ಹೆಚ್ಚಾಗಿ ಗಂಡಸರು. ಹೆಂಡತಿ ಪಕ್ಕಕ್ಕೆ ಕೂತು ಹಾಡ್ಯಾಡಿ ಅಳುತ್ತಾಳೆ. ಗಂಡ ಯಾವ ಸಂತೆಯಿಂದ ಏನು ತಂದಿದ್ದ, ಯಾವ ವರ್ಷದ ಬರದಲ್ಲಿ ಹೇಗೆ ಸಾಕಿದ ಎಂದು ಅವಳು ಎಣಿಸಿ ಎಣಿಸಿ ಹಾಡುವ ಆ ಅಳುವಿನಲ್ಲಿ ಒಂದು ಬಾಳಿನ ಚರಿತ್ರೆಯೇ ಇರುತ್ತದೆ. ಆಮೇಲೆ ಅವಳ ಬಳೆ, ಕುಂಕುಮದ ಸರದಿ. ನಮ್ಮಲ್ಲಿ ಹಾಡ್ಯಾಡಿ ಅಳುವುದು ಧರ್ಮಕ್ಕೆ ಒಗ್ಗದು ಎನ್ನುತ್ತಾರೆ. ಎದೆ ಬಡಿದುಕೊಂಡು ಕೂಗುವುದನ್ನು ಪ್ರವಾದಿಯವರು ತಡೆದದ್ದು ನಿಜ. ಮಗು ಇಬ್ರಾಹಿಮ್ ಮಡಿಲಲ್ಲಿ ಕೊನೆಯುಸಿರೆಳೆಯುವಾಗ ಅವರ ಕಣ್ಣು ತುಂಬಿದ್ದೂ ನಿಜ. ತಡೆದದ್ದು ಮಾತ್ರ ನಮಗೆ ಚೆನ್ನಾಗಿ ನೆನಪಿದೆ.

ದೊಡ್ಡವರ ಸಾವಿನಲ್ಲಿ ಈ ಹೊತ್ತು ಬೇರೆ ರೀತಿಯಲ್ಲಿ ಕೈತಪ್ಪುತ್ತದೆ. 2006ರ ಏಪ್ರಿಲ್ 12ರಂದು ಡಾ. ರಾಜಕುಮಾರ್ ತೀರಿಕೊಂಡಾಗ ದೇಹ ಮನೆಯವರದ್ದಾಗಿ ಉಳಿಯಲಿಲ್ಲ, ಬೆಂಗಳೂರಿನ ಬೀದಿಯದ್ದಾಯಿತು. ಗಲಭೆಯಲ್ಲಿ ಜನ ಸತ್ತರು, ಮರುದಿನವೇ ಎಲ್ಲ ಮುಗಿಸಬೇಕಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಸರಕಾರಕ್ಕೆ ಆ ನೆನಪಿತ್ತು. ವಿದೇಶದಲ್ಲಿದ್ದ ಮಗಳು ಬರುವ ತನಕ ಕಾದು, 31ರ ಬೆಳಗಿನ ಜಾವದಲ್ಲಿ ಹೊರಟು ಸಮಾಧಿ ಮಾಡಿದರು. ಎರಡು ದಿನ ಲಕ್ಷಾಂತರ ಜನ ಮುಂದೆ ಹಾದುಹೋದರು. ‘ದರ್ಶನ’ ಎಂಬ ಮಾತಿಗೆ ಅದಕ್ಕಿಂತ ಸರಿಯಾದ ಚಿತ್ರ ಬೇಡ.

ಕೊರೋನಾ ಕಾಲದಲ್ಲಿ ಆ ದರ್ಶನವೂ ಹೋಯಿತು. 2020ರ ಮಾರ್ಚಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಸೂಚನೆಯಲ್ಲಿ ಸ್ನಾನ, ಅಪ್ಪುಗೆ, ಮುತ್ತು ಬೇಡವೆಂದಿತ್ತು. ಆದರೆ ಚೀಲದ ಮುಖದ ಭಾಗ ತೆರೆದು ಮನೆಯವರಿಗೆ ತೋರಿಸಬಹುದು, ಮುಟ್ಟದೆ ಧರ್ಮಗ್ರಂಥ ಓದಬಹುದು ಎಂದೂ ಇತ್ತು. ಕಾಗದದ ಮೇಲೆ ಇದ್ದ ಆ ಇಷ್ಟಗಲ ಕಿಂಡಿಯನ್ನೂ ಹಲವೆಡೆ ಭಯ ಮುಚ್ಚಿತು. ಆ ವರ್ಷದ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಹೆಣಗಳನ್ನು ಗುಂಡಿಗೆ ಎಸೆದ ವಿಡಿಯೋ ಹೊರಬಿದ್ದು ಜಿಲ್ಲಾಡಳಿತ ಕ್ಷಮೆ ಕೇಳಿತು. ಅದೇ ಕಾಲದಲ್ಲಿ ಹಲವು ಊರುಗಳಲ್ಲಿ ಮುಸ್ಲಿಂ ಯುವಕರ ತಂಡಗಳು ಜಾತಿ ಧರ್ಮ ಕೇಳದೆ ಹೆಣಗಳನ್ನು ಹೊತ್ತು ಸುಟ್ಟವು, ಹೂಳಿದವು. ಆ ಸುದ್ದಿ ಓದುವಾಗೆಲ್ಲ ನನಗೆ ಅಹಮದ್ ಬ್ಯಾರಿ ನೆನಪಾಗುತ್ತಿದ್ದ. ಪತ್ರಿಕೆಗಳು ‘ಸೌಹಾರ್ದ’ ಎಂಬ ಒಂದು ಪದ ಬರೆದು ಮುಂದೆ ಹೋದವು. ಮುಖ ನೋಡಲಾಗದ ಮಗನಿಗೆ ಆಮೇಲೆ ಫೋನ್ ಮಾಡಿ ‘ನಿಮ್ಮಪ್ಪನನ್ನು ಮೆಲ್ಲಗೆ ಇಳಿಸಿದೆವು’ ಎಂದು ಹೇಳಿದವರು ಅವರಲ್ಲಿ ಇದ್ದಿರಲೇಬೇಕು. ಅಂಥ ಕಥೆಗಳಿಗೆ ನಾನಿನ್ನೂ ಕನ್ನಡದಲ್ಲಿ ಕಾಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಸಾವನ್ನು ಹೇಳದೆ ಇದನ್ನು ಮುಗಿಸಲಾರೆ. ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಬಲಿಯಾದ. ತಿನ್ನಲು ಏನಾದರೂ ತರಲೆಂದು ಹೊರಗೆ ಹೋಗಿದ್ದ ಹುಡುಗ. ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ನಡುವಿನ ಇಪ್ಪತ್ತು ದಿನ ಆ ಮನೆಗೆ ಟಿ.ವಿ.ಯವರು ಬಂದರು, ನಾಯಕರು ಬಂದರು, ದೇಹ ಬರಲಿಲ್ಲ. ಬಂದ ಮೇಲೆ ಮನೆಯವರು ವೀರಶೈವ ವಿಧಿಯಂತೆ ಪೂಜೆ ಮಾಡಿದರು, ಜನರ ದರ್ಶನಕ್ಕಿಟ್ಟರು, ಆಮೇಲೆ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಮಗ ಕಲಿಯಲು ಹೋದ ವಿದ್ಯೆಗೇ ಮಗನ ದೇಹ. ನಾಡಿನ ಪತ್ರಿಕೆಗಳು ಆ ದಾನವನ್ನು ಕೊಂಡಾಡಿದವು, ಕೊಂಡಾಡಬೇಕಾದದ್ದೇ. ನನ್ನ ಮನಸ್ಸು ಮಾತ್ರ ಒಂದು ಚಿಕ್ಕ ಸಂಗತಿಗೆ ಸಿಕ್ಕಿಹಾಕಿಕೊಂಡಿತು. ಅಲ್ಲಿ ಮಣ್ಣು ಇರಲಿಲ್ಲ. ‘ಮಣ್ಣಿಗೆ ಹೋಗಿದ್ದೆ’ ಎಂದು ಯಾರೂ ಹೇಳುವಂತಿರಲಿಲ್ಲ. ಹೋಗಿ ಕೂರಲು ಒಂದು ಗದ್ದುಗೆ ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಕೊಡಲು ಒಪ್ಪಿದ ತಾಯಿಗೆ, ಗುಂಪು, ಕ್ಯಾಮರಾ, ಮಂತ್ರಿ ಇಷ್ಟರ ನಡುವೆ ಆ ಪೆಟ್ಟಿಗೆಯ ಹತ್ತಿರ ಒಬ್ಬಳೇ ಇರಲು ಎಷ್ಟು ನಿಮಿಷ ಸಿಕ್ಕಿರಬಹುದು?

ಈಗ ನಮ್ಮ ಊರುಗಳಿಗೂ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಬಂದಿದೆ. ದೂರದ ಮಕ್ಕಳು ಬರುವ ತನಕ ಇಡಲು ಅನುಕೂಲ. ಮುಖ ಕಾಣುತ್ತದೆ, ಮುಟ್ಟಲಾಗುವುದಿಲ್ಲ. ಹೆಂಗಸರು ಗಾಜಿನ ಮೇಲೆ ಕೈಯಾಡಿಸುತ್ತಾರೆ. ಗಾಜಿಗೆ ಕಟ್ಟಿದ ಮಂಜನ್ನು ಸೆರಗಿನಿಂದ ಒರೆಸುತ್ತಾರೆ.

ನಮ್ಮ ಖಾಲಾ ಕೊರೋನಾಕ್ಕೆ ಸ್ವಲ್ಪ ಮೊದಲು ತೀರಿಕೊಂಡಳು. ಗುತ್ತಲದ ಅದೇ ಮನೆ. ಒಳಗೆ ಗುಸ್ಲ್ ಕೊಡಲು ಓಣಿಯ ಒಬ್ಬ ಮುದುಕಿ, ಅವಳ ಜೊತೆ ಖಾಲಾನ ಇಬ್ಬರು ಹೆಣ್ಣುಮಕ್ಕಳು. ಗಂಡಸರು ಹೊರಗೆ ಪೆಂಡಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಅಸರ್ ಹತ್ತಿರ ಬಂತು. ಎಲ್ಲರೂ ಗಡಿಯಾರ ನೋಡತೊಡಗಿದರು. ನಾನೇ ಎದ್ದು ಹೋಗಿ ಬಾಗಿಲ ಹತ್ತಿರ ನಿಂತು, ಆಯಿತೇನು, ಹೊತ್ತಾಯಿತು ಎಂದೆ. ಒಳಗಿಂದ ನೀರು ಸುರಿಯುವ ಸದ್ದು ನಿಂತಿತು. ದೊಡ್ಡವಳು ಅಳುತ್ತಿರಲಿಲ್ಲ, ಮೆಲ್ಲಗೆ ಅಮ್ಮನ ಜೊತೆ ಏನೋ ಮಾತಾಡುತ್ತಿದ್ದಳು. ಮುದುಕಿ ಬಾಗಿಲು ತೆರೆಯದೆಯೇ ಹೇಳಿದಳು:

‘ತಡಿಯಪಾ, ಇನ್ನೂ ಕೂದಲಾ ಎರಡ ಪಾಲ ಮಾಡೂದೈತಿ. ಮಕ್ಕಳು ಕಾಲು ತೊಳ್ಯಾಕತ್ತಾರ. ಆದಮ್ಯಾಲ ನಾವ ಹೇಳ್ತೀವಿ.’

ನಾನು ವಾಪಸು ಬಂದು ಕುರ್ಚಿಯ ಮೇಲೆ ಕೂತೆ.